ಕಾರಿನ ಸಬ್‌ವೂಫರ್‌ಗೆ ತಕ್ಕ ಆಂಪ್: ಓಮ್ ಲೆಕ್ಕದಿಂದ ಗೇನ್ ಸೆಟ್ಟಿಂಗ್‌ವರೆಗೆ

ಕಬ್ಬಿನ ಹಂಗಾಮು ಶುರುವಾದರೆ ಬೆಳಗಾವಿ, ಬಾಗಲಕೋಟೆ ಕಡೆಯ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಕಣ್ಣಿಗೆ ಬೀಳುವ ಮೊದಲೇ ಅದರ ಹಾಡು ಕಿವಿಗೆ ಬೀಳುತ್ತದೆ. ಸೌಂಡಿನ ಮೇಲೆ ನಮ್ಮ ಕಡೆಯವರಿಗೆ ಅಷ್ಟು ಪ್ರೀತಿ. ಆ ಪ್ರೀತಿಯಲ್ಲೇ ಕಾರಿಗೂ ಸಬ್‌ವೂಫರ್, ಅಂದರೆ ಬೇಸ್‌ಗೆಂದೇ ಇರುವ ದೊಡ್ಡ ಸ್ಪೀಕರ್, ಹಾಕಿಸುತ್ತೇವೆ. ಆದರೆ ಸಬ್ ಒಂದು ಕಡೆ, ಅದಕ್ಕೆ ಶಕ್ತಿ ಕೊಡುವ ಆಂಪ್ (ಆಂಪ್ಲಿಫೈಯರ್) ಇನ್ನೊಂದು ಕಡೆ, ವೈರ್ ಮತ್ತೊಂದು ಕಡೆ ಅಂತ ಬಿಡಿಬಿಡಿಯಾಗಿ ಕೊಂಡುಬಿಟ್ಟರೆ ಎಷ್ಟು ದುಡ್ಡು ಸುರಿದರೂ ಬೇಸ್ ಬರುವುದಿಲ್ಲ. ಬರೀ ಗುಂಯ್ ಅನ್ನುತ್ತದೆ, ಇಲ್ಲವೇ ಆಂಪ್ ಕಾದು ಬಂದ್ ಆಗುತ್ತದೆ.

ನಾನು ಹೇಳುವುದು ಇಷ್ಟೇ. ಸಬ್ ಮತ್ತು ಆಂಪ್ ಅನ್ನು ಜೋಡಿಯಾಗಿ ಆರಿಸಿ. ಆ ಜೋಡಿಯನ್ನು ತೀರ್ಮಾನಿಸುವುದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದ ವ್ಯಾಟ್ ಅಲ್ಲ, ವೈರಿಂಗ್ ಆದ ಮೇಲೆ ಆಂಪ್‌ಗೆ ಕಾಣುವ ಓಮ್, ಅಂದರೆ ಕರೆಂಟಿಗೆ ಸಬ್ ಒಡ್ಡುವ ತಡೆ.

ವ್ಯಾಟ್ ಓದುವುದು ಹೇಗೆ

ಅಂಗಡಿಗೆ ಬಂದ ಹುಡುಗ ಕೇಳುವುದು ಹೀಗೆ: "ಅಣ್ಣಾರ, ಇದರ ಮ್ಯಾಲೆ 3000 ವ್ಯಾಟ್ ಅಂತ ಬರದೈತಿ, ಇದನ್ನ ಕೊಡ್ರಿ." ಒಳ್ಳೆಯ ಅಂಗಡಿಯವರಾದರೆ ತಿರುಗಿ ಹೇಳುತ್ತಾರೆ: "ಆರ್‌ಎಂಎಸ್ ಎಷ್ಟೈತಿ ನೋಡ್ರಿ ಮೊದ್ಲ."

ಆರ್‌ಎಂಎಸ್ ಅಂದರೆ ಗಂಟೆಗಟ್ಟಲೆ ಹಾಡು ಹಾಕಿದರೂ ಸಬ್ ತಡೆದುಕೊಳ್ಳುವ, ಆಂಪ್ ಕೊಡುತ್ತಲೇ ಇರುವ ಶಕ್ತಿ. ಪೀಕ್, ಮ್ಯಾಕ್ಸ್ ಅನ್ನುವುದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ನಂಬರ್. ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಆಂಪ್‌ನ ಕಾಗದದಲ್ಲಿ ಸಿಟಿಎ-2006 ಅಥವಾ ಅದರ ಹಳೆಯ ಹೆಸರು ಸಿಇಎ-2006 ಅಂತ ಇದ್ದರೆ ಆ ಆರ್‌ಎಂಎಸ್ ನಂಬರನ್ನು ನಂಬಬಹುದು. ಆ ನಿಯಮದ ಪ್ರಕಾರ 14.4 ವೋಲ್ಟ್‌ನಲ್ಲಿ, 4 ಓಮ್ ಲೋಡ್‌ಗೆ, ಶೇ 1ಕ್ಕಿಂತ ಜಾಸ್ತಿ ಡಿಸ್ಟಾರ್ಷನ್ (ಸದ್ದು ಕೆಡುವುದು) ಇಲ್ಲದೆ ಅಳೆದಿರಬೇಕು.

ಒಂದೇ ಆಂಪ್ ಬೇರೆ ಬೇರೆ ಓಮ್‌ಗೆ ಬೇರೆ ಬೇರೆ ಶಕ್ತಿ ಕೊಡುತ್ತದೆ. 4 ಓಮ್‌ಗೆ 300 ವ್ಯಾಟ್ ಕೊಡುವ ಮೊನೊಬ್ಲಾಕ್ (ಒಂದೇ ಚಾನೆಲ್ ಇರುವ ಆಂಪ್) 2 ಓಮ್‌ಗೆ 500 ಕೊಡಬಹುದು. ಹಾಗಾಗಿ "ಈ ಆಂಪ್ ಎಷ್ಟು ವ್ಯಾಟ್?" ಅನ್ನುವುದು ಅರ್ಧ ಪ್ರಶ್ನೆ. "ಎಷ್ಟು ಓಮ್‌ಗೆ ಎಷ್ಟು ವ್ಯಾಟ್?" ಅಂತಲೇ ಕೇಳಬೇಕು.

ಆಂಪ್‌ನ ಆರ್‌ಎಂಎಸ್ ಸಬ್‌ನ ಆರ್‌ಎಂಎಸ್‌ಗೆ ಸಮ ಇರಲಿ, ಇಲ್ಲವೇ ತುಸು ಜಾಸ್ತಿ ಇರಲಿ. ಸಣ್ಣ ಆಂಪ್ ಹಾಕಿದರೆ ಸಬ್ ಸೇಫ್ ಅಂತ ತುಂಬಾ ಜನ ತಿಳಿದಿದ್ದಾರೆ. ಆಗುವುದೇ ಬೇರೆ. ಬೇಸ್ ಸಾಲದು ಅಂತ ವಾಲ್ಯೂಮ್ ತಿರುಗಿಸುತ್ತೇವೆ, ಆಂಪ್ ತನ್ನ ಮಿತಿ ಮುಟ್ಟುತ್ತದೆ, ಅಲೆಯ ತುದಿ ಕತ್ತರಿಸಿದಂತಾಗುತ್ತದೆ. ಆಗ ಸಬ್‌ನೊಳಗಿನ ತಂತಿ ಸುರುಳಿಗೆ, ಅಂದರೆ ಕಾಯಿಲ್‌ಗೆ, ಹೋಗುವ ಸರಾಸರಿ ಶಕ್ತಿ ಏರಿ, ಕಾಯಿಲ್ ಕಾದು, ಕೊನೆಗೆ ಸುಟ್ಟ ವಾಸನೆ ಬರುತ್ತದೆ. ಇದಕ್ಕೇ ಕ್ಲಿಪ್ಪಿಂಗ್ ಅನ್ನುತ್ತಾರೆ.

ಓಮ್ ಲೆಕ್ಕ: ಇಲ್ಲಿ ಅವಸರ ಬೇಡ

ಸಬ್‌ನಲ್ಲಿ ಒಂದೇ ಕಾಯಿಲ್ ಇರಬಹುದು, ಎರಡೂ ಇರಬಹುದು. ಎರಡಿದ್ದರೆ ನಾಲ್ಕು ಟರ್ಮಿನಲ್ ಕಾಣುತ್ತವೆ: ಎರಡು ಪ್ಲಸ್, ಎರಡು ಮೈನಸ್. ಇದು ಡ್ಯುಯಲ್ ವಾಯ್ಸ್ ಕಾಯಿಲ್ ಸಬ್. ಡಬ್ಬಿಯ ಮೇಲೆ "4+4 ಓಮ್" ಅಥವಾ "2+2 ಓಮ್" ಅಂತ ಬರೆದಿರುತ್ತದೆ.

ಸೀರೀಸ್ ಅಂದರೆ ಮೊದಲ ಕಾಯಿಲ್‌ನ ಮೈನಸ್ ಅನ್ನು ಎರಡನೆಯ ಕಾಯಿಲ್‌ನ ಪ್ಲಸ್‌ಗೆ ಸೇರಿಸುವುದು. ಉಳಿದ ಎರಡು ತುದಿ ಆಂಪ್‌ಗೆ ಹೋಗುತ್ತವೆ. ಓಮ್ ಕೂಡುತ್ತದೆ. ಪ್ಯಾರಲಲ್ ಅಂದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ಎರಡೂ ಸಮ ಇದ್ದರೆ ಓಮ್ ಅರ್ಧವಾಗುತ್ತದೆ. ಇಷ್ಟು ಗೊತ್ತಿದ್ದರೆ ಉಳಿದದ್ದು ಬಾಯಿಲೆಕ್ಕ:

- ಸಿಂಗಲ್ 4 ಓಮ್, ಒಂದು ಸಬ್: 4 ಓಮ್. ಬೇರೆ ದಾರಿ ಇಲ್ಲ.
- 2+2, ಒಂದು ಸಬ್: ಸೀರೀಸ್‌ಗೆ 4, ಪ್ಯಾರಲಲ್‌ಗೆ 1.
- 4+4, ಒಂದು ಸಬ್: ಪ್ಯಾರಲಲ್‌ಗೆ 2, ಸೀರೀಸ್‌ಗೆ 8.
- ಸಿಂಗಲ್ 4, ಎರಡು ಸಬ್: ಪ್ಯಾರಲಲ್‌ಗೆ 2.
- 2+2, ಎರಡು ಸಬ್: ಪ್ರತಿ ಸಬ್ ಒಳಗೆ ಸೀರೀಸ್, ಆಮೇಲೆ ಎರಡೂ ಸಬ್ ಪ್ಯಾರಲಲ್, ಒಟ್ಟು 2.
- 4+4, ಎರಡು ಸಬ್: ಎಲ್ಲವೂ ಪ್ಯಾರಲಲ್ ಆದರೆ 1, ಒಳಗೆ ಸೀರೀಸ್ ಮಾಡಿ ಹೊರಗೆ ಪ್ಯಾರಲಲ್ ಮಾಡಿದರೆ 4.

ಎರಡು ಸಬ್ ಹಾಕುವುದಾದರೆ ಎರಡೂ ಒಂದೇ ಮಾಡೆಲ್ ಇರಲಿ. ಹಳೆಯದೊಂದು ಇದೆ, ಹೊಸದೊಂದು ತಂದು ಸೇರಿಸೋಣ ಅನ್ನುವುದು ಬೇಡ. ಡ್ಯುಯಲ್ ಕಾಯಿಲ್ ಸಬ್‌ನಲ್ಲಿ ಒಂದೇ ಕಾಯಿಲ್‌ಗೆ ವೈರ್ ಕೊಟ್ಟು ಇನ್ನೊಂದನ್ನು ಸುಮ್ನೆ ಬಿಡುವುದೂ ಬೇಡ. ಸಬ್ ತಡೆಯುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ.

ಈಗ ಆಂಪ್ ಕಡೆ ನೋಡೋಣ. ಪ್ರತಿ ಆಂಪ್‌ಗೂ ಇಷ್ಟಕ್ಕಿಂತ ಕಡಿಮೆ ಓಮ್ ಕೊಡಬಾರದು ಅನ್ನುವ ಮಿತಿ ಇದೆ. ಕ್ಲಾಸ್ ಡಿ (ಕಡಿಮೆ ಕಾಯುವ ಬಗೆಯ) ಮೊನೊಬ್ಲಾಕ್‌ಗಳಲ್ಲಿ ಅದು ಸಾಮಾನ್ಯವಾಗಿ 2 ಅಥವಾ 1 ಓಮ್. 2 ಚಾನೆಲ್, 4 ಚಾನೆಲ್ ಆಂಪ್‌ಗಳಲ್ಲಿ ಎರಡು ಚಾನೆಲ್ ಸೇರಿಸಿ ಬ್ರಿಜ್ ಮಾಡಿದಾಗ ಹೆಚ್ಚಿನವುಗಳ ಮಿತಿ 4 ಓಮ್. ಯಾಕೆಂದರೆ ಬ್ರಿಜ್‌ನಲ್ಲಿ ಪ್ರತಿ ಚಾನೆಲ್‌ಗೂ ಲೋಡ್‌ನ ಅರ್ಧವೇ ಕಾಣುತ್ತದೆ. ನೀವು 4 ಓಮ್ ಕೊಟ್ಟಿರಿ, ಚಾನೆಲ್‌ಗೆ 2 ಕಂಡಿತು. 2 ಕೊಟ್ಟರೆ ಚಾನೆಲ್‌ಗೆ ಕಾಣುವುದು 1. ಅಷ್ಟು ಕರೆಂಟ್ ಕೊಡಲು ಅದರ ಕೈಲಿ ಆಗುವುದಿಲ್ಲ.

ನಮ್ಮ ಕಡೆ ಅತಿ ಹೆಚ್ಚು ಕಾಣುವ ತಪ್ಪು ಜೋಡಿ ಇಲ್ಲಿಯೇ ಹುಟ್ಟುತ್ತದೆ. ಬಾಗಲಕೋಟೆ ನವನಗರದಲ್ಲಿ ಒಬ್ಬರ ಹ್ಯಾಚ್‌ಬ್ಯಾಕ್ ಇದೆ ಅಂದುಕೊಳ್ಳಿ. ಡೋರ್ ಸ್ಪೀಕರ್‌ಗೆ ಅಂತ 4 ಚಾನೆಲ್ ಆಂಪ್ ಮೊದಲೇ ಇದೆ. ಹಿಂದಿನ ಎರಡು ಚಾನೆಲ್ ಬ್ರಿಜ್ ಮಾಡಿದರೆ 4 ಓಮ್‌ಗೆ 250 ವ್ಯಾಟ್ ಸಿಗುತ್ತದೆ. ಅವರು 4+4 ಓಮ್‌ನ 12 ಇಂಚಿನ ಸಬ್ ತಂದರು. ಪ್ಯಾರಲಲ್ ಮಾಡಿದರೆ 2 ಓಮ್: ಆಂಪ್ ಪ್ರೊಟೆಕ್ಷನ್‌ಗೆ ಹೋಗಿ ಕೆಂಪು ಲೈಟ್ ಹತ್ತುತ್ತದೆ. ಸೀರೀಸ್ ಮಾಡಿದರೆ 8 ಓಮ್: ಆಂಪ್ ಆರಾಮಾಗಿ ಓಡುತ್ತದೆ, ಆದರೆ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ, 125 ವ್ಯಾಟ್ ಆಸುಪಾಸಿಗೆ ಇಳಿಯುತ್ತದೆ. ಸಬ್ ಒಳ್ಳೆಯದೇ, ಆಂಪ್ ಕೂಡ ಒಳ್ಳೆಯದೇ. ಒಂದಕ್ಕೊಂದು ಕೂಡಿಬರುವುದಿಲ್ಲ ಅಷ್ಟೇ. ಅದೇ ಸಬ್‌ನ 2+2 ಮಾಡೆಲ್ ತಂದಿದ್ದರೆ ಸೀರೀಸ್‌ನಲ್ಲಿ ನೆಟ್ಟಗೆ 4 ಓಮ್ ಸಿಗುತ್ತಿತ್ತು. ಇಲ್ಲವೇ 4+4 ಇಟ್ಟುಕೊಂಡು 2 ಓಮ್‌ಗೆ ತಕ್ಕ ಮೊನೊಬ್ಲಾಕ್ ತರಬೇಕು.

ಮೊನೊಬ್ಲಾಕ್ ಬಗ್ಗೆ ಇನ್ನೊಂದು ಮಾತು. ಕೆಲವಕ್ಕೆ ಎರಡು ಜೊತೆ ಸ್ಪೀಕರ್ ಟರ್ಮಿನಲ್ ಇರುತ್ತವೆ. ಎರಡು ಚಾನೆಲ್ ಅಂತ ತಿಳಿಯಬೇಡಿ. ಒಳಗೆ ಅವು ಪ್ಯಾರಲಲ್ ಆಗಿ ಸೇರಿರುತ್ತವೆ. ಒಂದೊಂದು ಜೊತೆಗೆ ಒಂದೊಂದು 2 ಓಮ್ ಸಬ್ ಹಾಕಿದರೆ ಆಂಪ್‌ಗೆ ಕಾಣುವುದು 1 ಓಮ್.

ಹೊಸದಾಗಿ ಕೊಳ್ಳುವವರಿಗೆ ನನ್ನ ಸಲಹೆ: ಒಂದು 10 ಅಥವಾ 12 ಇಂಚಿನ ಸಬ್, 2 ಓಮ್‌ಗೆ ಸರಿಹೊಂದುವ ಮೊನೊಬ್ಲಾಕ್, 300ರಿಂದ 500 ವ್ಯಾಟ್ ಆರ್‌ಎಂಎಸ್. ಸಣ್ಣ ಕಾರಿಗೆ ಇದು ಧಾರಾಳ. 1 ಓಮ್‌ಗೆ ಇಳಿಸಿ ಶಕ್ತಿ ಹಿಂಡಬಹುದು, ಆದರೆ ಆಂಪ್ ಜಾಸ್ತಿ ಕಾಯುತ್ತದೆ. ಏಪ್ರಿಲ್, ಮೇನಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯೊಳಗೆ ಆಂಪ್ ಮೊದಲೇ ಬೆಂದಿರುತ್ತದೆ.

ಬಾಕ್ಸ್

ಸಬ್ ಕೂರಿಸುವ ಬಾಕ್ಸ್ ಎರಡು ಬಗೆ. ಪೂರ್ತಿ ಮುಚ್ಚಿದ ಸೀಲ್ಡ್ ಬಾಕ್ಸ್‌ನ ಬೇಸ್ ಬಿಗಿಯಾಗಿರುತ್ತದೆ. ಡೊಳ್ಳು, ಕರಡಿ ಮಜಲು, ತಬಲಾದ ಡಗ್ಗಾ ಕೇಳುವವರಿಗೆ ಇದೇ ಸರಿ. ಪೆಟ್ಟು ಬಿದ್ದ ಜಾಗದಲ್ಲೇ ನಿಲ್ಲುತ್ತದೆ, ಎಳೆಯುವುದಿಲ್ಲ. ಗಾಳಿ ಆಡುವ ತೂತು (ಪೋರ್ಟ್) ಇರುವ ಪೋರ್ಟೆಡ್ ಬಾಕ್ಸ್ ಅದೇ ವ್ಯಾಟ್‌ಗೆ ಜಾಸ್ತಿ ಸದ್ದು ಮಾಡುತ್ತದೆ, ಡಿಜೆ ಹಾಡಿಗೆ ಹೇಳಿ ಮಾಡಿಸಿದ್ದು. ಆದರೆ ಜಾಗ ಜಾಸ್ತಿ ತಿನ್ನುತ್ತದೆ. ಪೋರ್ಟ್ ಟ್ಯೂನ್ ಆದ ಫ್ರೀಕ್ವೆನ್ಸಿಗಿಂತ ಕೆಳಗೆ ಸಬ್‌ನ ಕೋನ್‌ಗೆ (ಕುಣಿಯುವ ಮುಖಕ್ಕೆ) ಗಾಳಿಯ ತಡೆ ಸಿಗದೆ ಅದು ಮಿತಿ ಮೀರಿ ಕುಣಿಯುತ್ತದೆ. ಅದಕ್ಕೆ ತೀರಾ ಕೆಳಗಿನ ಫ್ರೀಕ್ವೆನ್ಸಿ ತಡೆಯುವ ಸಬ್‌ಸಾನಿಕ್ ಫಿಲ್ಟರ್ ಇರುವ ಆಂಪ್ ಬೇಕೇ ಬೇಕು. ಮೊದಲ ಸಲ ಮಾಡುವವರು ಸೀಲ್ಡ್ ಮಾಡಿ. ಅಳತೆ ತುಸು ಹೆಚ್ಚುಕಡಿಮೆಯಾದರೂ ನಡೆಯುತ್ತದೆ.

ಅಳತೆಯ ಉದಾಹರಣೆ: 18 ಮಿಲಿಮೀಟರ್ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಹೊರಗಿನ ಅಳತೆ 45 × 35 × 30 ಸೆಂಟಿಮೀಟರ್. ಪ್ರತಿ ಅಳತೆಯಿಂದ ಎರಡು ಬದಿಯ ಹಲಗೆಯ 3.6 ಕಳೆದರೆ ಒಳಗೆ 41.4 × 31.4 × 26.4. ಗುಣಿಸಿ 1000ದಿಂದ ಭಾಗಿಸಿದರೆ ಸುಮಾರು 34.3 ಲೀಟರ್. ಸಬ್‌ನ ಮ್ಯಾಗ್ನೆಟ್ ಮತ್ತು ಬುಟ್ಟಿ ಎರಡು ಮೂರು ಲೀಟರ್ ತಿನ್ನುತ್ತವೆ. ಉಳಿದ 32 ಲೀಟರ್ ಅಂದರೆ 1.1 ಘನ ಅಡಿ ಚಿಲ್ಲರೆ. ಹೆಚ್ಚಿನ 12 ಇಂಚಿನ ಸಬ್‌ಗಳ ಸೀಲ್ಡ್ ಬಾಕ್ಸ್‌ಗೆ ಇದು ಒಗ್ಗುತ್ತದೆ. ಆದರೂ ನಿಮ್ಮ ಸಬ್‌ನ ಕಾಗದದಲ್ಲಿ ಏನು ಬರೆದಿದೆಯೋ ಅದೇ ಅಂತಿಮ. ಕೀಲುಗಳಿಗೆ ಮರದ ಗೋಂದು ಹಚ್ಚಿ ಸ್ಕ್ರೂ ಹಾಕಿ, ಒಳಗಿನಿಂದ ಸಿಲಿಕಾನ್ ಎಳೆಯಿರಿ. ಬೆಳಗಾವಿ, ಖಾನಾಪುರ ಕಡೆಯವರು ಹೊರಗೆ ಕಾರ್ಪೆಟ್ ಅಂಟಿಸುವ ಮೊದಲು ಎಂಡಿಎಫ್‌ಗೆ ಒಂದು ಕೈ ಸೀಲರ್ ಬಳಿಯಿರಿ. ಅಲ್ಲಿಯ ಮಳೆಗಾಲದ ತೇವಕ್ಕೆ ಬರಿ ಎಂಡಿಎಫ್ ಉಬ್ಬುತ್ತದೆ.

ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದ್ದವರು ಬಾಕ್ಸ್ ಆಸೆ ಬಿಟ್ಟು, ಆಂಪ್ ಒಳಗೇ ಇರುವ ಸೀಟಿನ ಕೆಳಗಿನ ಸಬ್ ನೋಡಿ. ಸಿಲಿಂಡರ್ ಸುತ್ತ ಸ್ಕ್ರೂ ಕೊರೆಯುವ ಕೆಲಸ ಬೇಡ.

ವೈರ್ ಮತ್ತು ಫ್ಯೂಸ್

ವೈರ್ ಎಷ್ಟು ದಪ್ಪ ಬೇಕು ಅನ್ನುವುದು ಕರೆಂಟ್ ಮೇಲೆ ನಿಂತಿದೆ. 500 ವ್ಯಾಟ್ ಕೊಡುವ ಕ್ಲಾಸ್ ಡಿ ಆಂಪ್ ಶೇ 80ರಷ್ಟು ದಕ್ಷತೆಯಲ್ಲಿ ಓಡಿದರೆ ಬ್ಯಾಟರಿಯಿಂದ 625 ವ್ಯಾಟ್ ಎಳೆಯುತ್ತದೆ. ಅದನ್ನು 13.8 ವೋಲ್ಟ್‌ನಿಂದ ಭಾಗಿಸಿ: ಸುಮಾರು 45 ಆಂಪಿಯರ್. 300 ವ್ಯಾಟ್ ಆದರೆ ಸುಮಾರು 27. ಬಾನೆಟ್‌ನಿಂದ ಡಿಕ್ಕಿಗೆ ಐದು ಮೀಟರ್ ಓಟ ಅಂದುಕೊಂಡರೆ 300 ವ್ಯಾಟ್‌ಗೆ 8 ಗೇಜ್, 500ಕ್ಕೆ 4 ಗೇಜ್ ತಾಮ್ರದ ವೈರ್ ಸಾಕು (ಗೇಜ್ ನಂಬರ್ ಕಡಿಮೆಯಾದಷ್ಟೂ ವೈರ್ ದಪ್ಪ).

ಆದರೆ ತಾಮ್ರ ಅಂತ ಮಾರುವುದೆಲ್ಲ ತಾಮ್ರ ಅಲ್ಲ. ಕಿಟ್‌ಗಳಲ್ಲಿ ಬರುವ ಎಷ್ಟೋ ವೈರ್ ಅಲ್ಯೂಮಿನಿಯಂ ಎಳೆಯ ಮೇಲೆ ತಾಮ್ರದ ತೆಳು ಲೇಪ. ಒಂದು ಎಳೆ ಬಿಡಿಸಿ ಬ್ಲೇಡ್‌ನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಂ. ಹೊರಗೆ ಬೆಳ್ಳಗಿದ್ದು ಕೆರೆದಾಗ ಕೆಂಪು ಕಂಡರೆ ಹೆದರಬೇಡಿ, ಅದು ತವರ ಲೇಪಿಸಿದ ಒಳ್ಳೆಯ ತಾಮ್ರ. ಲೇಪದ ವೈರೇ ಸಿಕ್ಕಿದರೆ ಒಂದು ಸೈಜ್ ದಪ್ಪದ್ದು ಹಾಕಿ: 8ರ ಬದಲು 4 ಗೇಜ್.

ಇಡೀ ಕೆಲಸದಲ್ಲಿ ಎಂದೂ ಬಿಡಬಾರದ ವಸ್ತು ಫ್ಯೂಸ್. ಬ್ಯಾಟರಿಯ ಪ್ಲಸ್‌ನಿಂದ 45 ಸೆಂಟಿಮೀಟರ್ ಒಳಗೆ ಅದು ಇರಬೇಕು. ಆಂಪ್ ಹತ್ತಿರ ಹಾಕಿದರೆ ಪ್ರಯೋಜನ ಇಲ್ಲ. ಬಾನೆಟ್ ಒಳಗೋ ಬಾಗಿಲ ಬುಡದಲ್ಲೋ ವೈರ್ ಸವೆದು ಬಾಡಿಗೆ ತಾಗಿದರೆ, ಬ್ಯಾಟರಿಯ ಅಷ್ಟೂ ಕರೆಂಟ್ ಆ ಜಾಗದಲ್ಲಿ ಹರಿದು ಬೆಂಕಿ ಹತ್ತುತ್ತದೆ. ರೇಟಿಂಗ್ ಆರಿಸುವಾಗ ಆಂಪ್ ಮೇಲಿನ ಫ್ಯೂಸ್‌ಗಳನ್ನು ಕೂಡಿಸಿ. 30ರ ಎರಡಿದ್ದರೆ 60 ಆಂಪಿಯರ್. ಅದು ವೈರ್ ತಡೆಯುವ ಮಿತಿ ದಾಟಬಾರದು. ಫ್ಯೂಸ್ ಪದೇ ಪದೇ ಹೋಗುತ್ತಿದೆ ಅಂತ ದೊಡ್ಡದು ಹಾಕುವುದು ಶುದ್ಧ ಅಪಾಯ.

ಕಾರಿನಲ್ಲಿ ಕೂರಿಸುವ ಕ್ರಮ

ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಡ್ಯಾಶ್ ಕೆಳಗೆ, ಸೀಟ್ ಕೆಳಗೆ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್‌ನದು, ಮುಟ್ಟಬೇಡಿ.

ಪವರ್ ವೈರ್ ಬಾನೆಟ್‌ನಿಂದ ಒಳಗೆ ಬರುವಾಗ ರಬ್ಬರ್ ಗ್ರೋಮೆಟ್ ಮೂಲಕವೇ ಬರಲಿ. ಬರಿ ತಗಡಿನ ತೂತಿನ ಅಂಚು ಕಂಪನಕ್ಕೆ ವೈರ್‌ನ ಮೇಲುಹೊದಿಕೆಯನ್ನು ಗರಗಸದ ಹಾಗೆ ಕೊಯ್ಯುತ್ತದೆ. ಒಳಗೆ ಬಾಗಿಲ ಪಟ್ಟಿಯ ಕೆಳಗೆ ಹಾಸಿಕೊಂಡು ಹಿಂದಕ್ಕೆ ಒಯ್ಯಿರಿ. ಸ್ಟೀರಿಯೊದ ಸಿಗ್ನಲ್ ಆಂಪ್‌ಗೆ ತರುವ ಆರ್‌ಸಿಎ ಕೇಬಲ್ ಮಾತ್ರ ಎದುರು ಬದಿಯಿಂದ ಬರಲಿ. ರಿಮೋಟ್ ವೈರ್, ಅಂದರೆ ಸ್ಟೀರಿಯೊ ಹಚ್ಚಿದಾಗ ಆಂಪ್ ಅನ್ನು ಎಬ್ಬಿಸುವ ತೆಳು ವೈರ್, ಅದರ ಜೊತೆಗೆ ಬಂದರೆ ತೊಂದರೆ ಇಲ್ಲ.

ಕಂಪನಿ ಸ್ಟೀರಿಯೊಗೆ ಆರ್‌ಸಿಎ ಇಲ್ಲವೇ? ಸ್ಪೀಕರ್ ವೈರ್‌ನಿಂದಲೇ ಸಿಗ್ನಲ್ ತೆಗೆದುಕೊಳ್ಳುವ ಹೈ ಲೆವೆಲ್ ಇನ್‌ಪುಟ್ ಇರುವ ಆಂಪ್ ಕೊಳ್ಳಿ, ಇಲ್ಲವೇ ಸ್ಪೀಕರ್ ಸಿಗ್ನಲನ್ನು ಆರ್‌ಸಿಎಗೆ ಬದಲಿಸುವ ಲೈನ್ ಔಟ್‌ಪುಟ್ ಕನ್ವರ್ಟರ್ ಹಾಕಿ. ವಾರಂಟಿ ಇರುವ ಕಾರಿನ ವೈರ್ ಕತ್ತರಿಸಬೇಡಿ. ಸ್ಟೀರಿಯೊ ಹಿಂದೆ ಕೂರುವ ಕಪ್ಲರ್ ಸಿಗುತ್ತದೆ, ಅದನ್ನೇ ಬಳಸಿ.

ಅರ್ಥಿಂಗ್‌ಗೆ ಹತ್ತು ನಿಮಿಷ ಜಾಸ್ತಿ ಕೊಡಿ. ಆಂಪ್‌ನಿಂದ ಅರ್ಧ ಮೀಟರ್ ಒಳಗೆ ದಪ್ಪ ತಗಡಿನ ಜಾಗ ಹುಡುಕಿ. ಸೀಟ್ ಬೆಲ್ಟ್‌ನ ಬೋಲ್ಟ್ ಬೇಡ, ಅದು ಜೀವ ಉಳಿಸುವ ಬೋಲ್ಟ್. ಕೊರೆಯುವ ಮೊದಲು ಕಾರಿನ ಕೆಳಗೆ ಮಲಗಿ ನೋಡಿ. ಹೆಚ್ಚಿನ ಹ್ಯಾಚ್‌ಬ್ಯಾಕ್‌ಗಳಲ್ಲಿ ಪೆಟ್ರೋಲ್ ಟ್ಯಾಂಕ್ ಹಿಂದಿನ ಸೀಟಿನ ಕೆಳಗೇ ಇರುತ್ತದೆ. ಆಮೇಲೆ ರೂಪಾಯಿ ನಾಣ್ಯದಷ್ಟು ಅಗಲದಲ್ಲಿ ಎಮರಿ ಪೇಪರ್‌ನಿಂದ ಉಜ್ಜಿ. ಮೊದಲು ಬಣ್ಣ ಹೋಗುತ್ತದೆ, ಅದರ ಕೆಳಗೆ ಬೂದು ಪ್ರೈಮರ್ ಬರುತ್ತದೆ. ಎಷ್ಟೋ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಕನ್ನಡಿಯಂತೆ ಹೊಳೆಯುವ ತಗಡು ಕಾಣುವವರೆಗೆ ಉಜ್ಜಬೇಕು. ವೈರ್ ತುದಿಗೆ ಲಗ್ (ಬೋಲ್ಟ್‌ಗೆ ಕೂರುವ ಲೋಹದ ಬಳೆ) ಒತ್ತಿ ಕ್ರಿಂಪ್ ಮಾಡಿ, ಹಲ್ಲಿರುವ ವಾಷರ್ ಇಟ್ಟು, ಬೋಲ್ಟ್ ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿ. ಅರ್ಥ್ ವೈರ್ ಪವರ್ ವೈರ್‌ನಷ್ಟೇ ದಪ್ಪ ಇರಬೇಕು.

ಆಂಪ್ ಅನ್ನು ಬಾಕ್ಸ್‌ಗೇ ಸ್ಕ್ರೂ ಮಾಡಬೇಡಿ, ಕಂಪನಕ್ಕೆ ಒಳಗಿನ ಸೋಲ್ಡರ್ ಬಿಡುತ್ತದೆ. ತಲೆಕೆಳಗಾಗಿಯೂ ಬೇಡ. ಸುತ್ತ ಕನಿಷ್ಠ 5 ಸೆಂಟಿಮೀಟರ್ ಗಾಳಿ ಆಡಲಿ.

ಆಂಪ್‌ಗೆ ಜೋಡಿಸುವ ಮೊದಲು ಅಳೆಯಿರಿ

ಮಲ್ಟಿಮೀಟರ್ ಅನ್ನು 200 ಓಮ್ ರೇಂಜ್‌ಗೆ ಇಡಿ. ಎರಡೂ ಪ್ರೋಬ್ ಒಂದಕ್ಕೊಂದು ಮುಟ್ಟಿಸಿ. 0.3, 0.4 ಅಂತ ಏನೋ ತೋರಿಸುತ್ತದೆ, ಅದು ಪ್ರೋಬ್ ವೈರ್‌ನದೇ ಓಮ್. ಆಮೇಲೆ ಬಾಕ್ಸಿನ ಟರ್ಮಿನಲ್ ಮೇಲೆ ಇಟ್ಟು, ಬಂದ ಸಂಖ್ಯೆಯಿಂದ ಅದನ್ನು ಕಳೆಯಿರಿ. 4+4 ಸಬ್ ಪ್ಯಾರಲಲ್ ಆಗಿದ್ದರೆ 1.6ರಿಂದ 1.9 ಬರಬೇಕು. 2ಕ್ಕಿಂತ ಕಡಿಮೆ ಬಂತಲ್ಲ ಅಂತ ಗಾಬರಿ ಬೇಡ. ಮೀಟರ್ ಅಳೆಯುವುದು ಡಿಸಿ ರೆಸಿಸ್ಟೆನ್ಸ್, ಅದು ಬರೆದ ಓಮ್‌ಗಿಂತ ತುಸು ಕಡಿಮೆಯೇ ಇರುತ್ತದೆ. 7 ಬಂದರೆ ಸೀರೀಸ್ ಆಗಿಬಿಟ್ಟಿದೆ. 3.5 ಬಂದರೆ ಒಂದು ಕಾಯಿಲ್ ಬಿಟ್ಟುಹೋಗಿದೆ.

ಪ್ಲಸ್ ಮೈನಸ್ ನೋಡಲು 1.5 ವೋಲ್ಟ್ ಸೆಲ್ ಸಾಕು. ಬಾಕ್ಸಿನ ಪ್ಲಸ್‌ಗೆ ಸೆಲ್‌ನ ಪ್ಲಸ್, ಮೈನಸ್‌ಗೆ ಮೈನಸ್ ಒಂದು ಕ್ಷಣ ಮುಟ್ಟಿಸಿ. ಕೋನ್ ಹೊರಗೆ ಬಂದರೆ ಸರಿ. ಎರಡು ಸಬ್ ಇದ್ದು ಒಂದು ಹೊರಗೆ, ಒಂದು ಒಳಗೆ ಹೋದರೆ ಒಂದರ ಬೇಸ್ ಇನ್ನೊಂದು ನುಂಗುತ್ತದೆ.

ಗೇನ್ ಸೆಟ್ಟಿಂಗ್

ಗೇನ್ ವಾಲ್ಯೂಮ್ ಅಲ್ಲ. ಸ್ಟೀರಿಯೊದಿಂದ ಬರುವ ಸಿಗ್ನಲ್‌ಗೆ ಆಂಪ್ ಹೊಂದಿಕೊಳ್ಳಲಿ ಅಂತ ಇರುವ ಗುಂಡಿ ಅದು. ಅದನ್ನು ಪೂರ್ತಿ ತಿರುಗಿಸಿದರೆ ಮೊದಲು ಹೇಳಿದ ಕ್ಲಿಪ್ಪಿಂಗ್‌ಗೆ ನೀವೇ ಬಾಗಿಲು ತೆರೆದ ಹಾಗೆ.

ಬೇಕಾದ ವೋಲ್ಟ್ = ವ್ಯಾಟ್ ಗುಣಿಸು ಓಮ್, ಅದರ ವರ್ಗಮೂಲ. 300 ವ್ಯಾಟ್, 2 ಓಮ್ ಆದರೆ 600ರ ವರ್ಗಮೂಲ, 24.5 ವೋಲ್ಟ್. 500 ವ್ಯಾಟ್, 2 ಓಮ್ ಆದರೆ 31.6. 250 ವ್ಯಾಟ್, 4 ಓಮ್ ಆದರೂ ಅದೇ 31.6. ಆಂಪ್ ಮತ್ತು ಸಬ್ ಇವೆರಡರಲ್ಲಿ ಯಾವುದರ ವ್ಯಾಟ್ ಕಡಿಮೆಯೋ ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಸಬ್‌ನ ವೈರ್ ಆಂಪ್‌ನಿಂದ ಬಿಚ್ಚಿ. ಗೇನ್ ಪೂರ್ತಿ ಕೆಳಗೆ, ಬೇಸ್ ಬೂಸ್ಟ್ ಸೊನ್ನೆ, ಈಕ್ವಲೈಜರ್ ಫ್ಲಾಟ್. ಎಂಜಿನ್ ಓಡುತ್ತಿರಲಿ, ಆದರೆ ಕಾರು ಬಯಲಲ್ಲಿರಲಿ, ಮುಚ್ಚಿದ ಶೆಡ್‌ನಲ್ಲಿ ಬೇಡ. 50 ಹರ್ಟ್ಜ್‌ನ ಟೆಸ್ಟ್ ಟೋನ್ ಹಾಕಿ, ಸ್ಟೀರಿಯೊ ವಾಲ್ಯೂಮ್ ಮುಕ್ಕಾಲಿಗೆ ತನ್ನಿ. ಮೀಟರ್ ಅನ್ನು ಎಸಿ ವೋಲ್ಟ್‌ಗೆ ಇಟ್ಟು ಆಂಪ್‌ನ ಸ್ಪೀಕರ್ ಟರ್ಮಿನಲ್ ಮೇಲೆ ಹಿಡಿಯಿರಿ. ನಮ್ಮ ಮನೆ ಕರೆಂಟ್ ಕೂಡ 50 ಹರ್ಟ್ಜ್ ಆದ್ದರಿಂದ ಅಗ್ಗದ ಮೀಟರ್ ಕೂಡ ಇದನ್ನು ಚೆನ್ನಾಗಿ ಅಳೆಯುತ್ತದೆ. ಗೇನ್ ನಿಧಾನಕ್ಕೆ ತಿರುಗಿಸಿ, ಬೇಕಾದ ವೋಲ್ಟ್ ಬಂದ ಕೂಡಲೇ ಕೈ ಬಿಡಿ. ಟೋನ್ ಬಂದ್ ಮಾಡಿ, ಸಬ್ ಜೋಡಿಸಿ.

ಸಬ್‌ಗೆ ಕೆಳಗಿನ ಸದ್ದನ್ನಷ್ಟೇ ಬಿಡುವ ಲೋ ಪಾಸ್ ಫಿಲ್ಟರ್ ಅನ್ನು 80 ಹರ್ಟ್ಜ್‌ನಿಂದ ಶುರು ಮಾಡಿ. ಹಾಡುವವರ ದನಿ ಡಿಕ್ಕಿಯಿಂದ ಬಂದಂತೆ ಅನಿಸಿದರೆ 70ಕ್ಕೆ ಇಳಿಸಿ. ಫೇಸ್ ಸ್ವಿಚ್ 0 ಮತ್ತು 180 ಎರಡರಲ್ಲೂ ಒಂದೇ ಹಾಡು ಕೇಳಿ, ಡ್ರೈವರ್ ಸೀಟಿನಲ್ಲಿ ಯಾವುದು ತುಂಬಿ ಬರುತ್ತದೋ ಅದನ್ನೇ ಇಡಿ. ಹ್ಯಾಚ್‌ಬ್ಯಾಕ್‌ನಲ್ಲಿ ಸಬ್‌ನ ಮುಖ ಹಿಂದಿನ ಬಾಗಿಲ ಕಡೆ ಇದ್ದರೆ ಸಾಮಾನ್ಯವಾಗಿ ಬೇಸ್ ಜಾಸ್ತಿ. 40 ಹರ್ಟ್ಜ್‌ನ ಅಲೆ ಸುಮಾರು 8.5 ಮೀಟರ್ ಉದ್ದ, ಕಾರಿನ ಒಳಾಂಗಣಕ್ಕಿಂತ ಎಷ್ಟೋ ದೊಡ್ಡದು. ಹಾಗಾಗಿ ಕೆಳಗಿನ ಬೇಸ್ ಕಾರಿನ ಗಾಳಿಯನ್ನೇ ಒತ್ತಿ ಹಿಗ್ಗಿಸುತ್ತದೆ. ಮನೆಯಲ್ಲಿ ಸಪ್ಪೆ ಅನಿಸುವ ಸೀಲ್ಡ್ ಬಾಕ್ಸ್ ಕಾರಿನಲ್ಲಿ ಗಟ್ಟಿಯಾಗಿ ಕೇಳುವುದು ಇದಕ್ಕೇ.

ಟೆಸ್ಟಿಂಗ್ ಹಗಲಲ್ಲೇ ಮುಗಿಸಿ. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದ ಮಿತಿ 45 ಡೆಸಿಬಲ್, ಹಗಲಲ್ಲಿ 55. ಬೇಸ್ ಗೋಡೆ ದಾಟಿ ಹೋಗುತ್ತದೆ, ಪಕ್ಕದ ಮನೆಯಲ್ಲಿ ಹಸುಗೂಸೋ ವಯಸ್ಸಾದವರೋ ಇರುತ್ತಾರೆ.

ಏನಾದರೂ ಕೆಟ್ಟರೆ

ಆಕ್ಸಿಲರೇಟರ್ ಒತ್ತಿದಂತೆ ಕುಂಯ್ ಅನ್ನುವ ಸದ್ದು ಏರಿದರೆ ಮೊದಲು ಅರ್ಥಿಂಗ್ ಬಿಚ್ಚಿ ಮತ್ತೆ ಉಜ್ಜಿ, ಆಮೇಲೆ ಆರ್‌ಸಿಎ ಪವರ್ ವೈರ್ ಹತ್ತಿರ ಎಲ್ಲಾದರೂ ಹೋಗಿದೆಯಾ ನೋಡಿ. ಬೇಸ್ ಬಿದ್ದಾಗ ಹೆಡ್‌ಲೈಟ್ ಮಂಕಾದರೆ ಆಂಪ್‌ನ ಟರ್ಮಿನಲ್‌ನಲ್ಲೇ ಡಿಸಿ ವೋಲ್ಟ್ ಅಳೆಯಿರಿ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ಇದ್ದು ಆಂಪ್ ಹತ್ತಿರ 12.5 ಇದ್ದರೆ ವೈರ್‌ನದೇ ತಪ್ಪು. ಎರಡೂ ಕಡೆ ಕುಸಿದರೆ ಬ್ಯಾಟರಿ ಅಥವಾ ಆಲ್ಟರ್ನೇಟರ್‌ಗೆ ಹೊರೆ ಜಾಸ್ತಿಯಾಗಿದೆ. ಸಣ್ಣ ಕಾರುಗಳಲ್ಲಿ 35 ಆಂಪಿಯರ್-ಅವರ್ ಬ್ಯಾಟರಿ ಸಾಮಾನ್ಯ. ಎಂಜಿನ್ ಬಂದ್ ಮಾಡಿ ಹೊಲದ ಬದುವಿನಲ್ಲಿ ಕುಳಿತು ಗಂಟೆಗಟ್ಟಲೆ ಕೇಳಲು ಅದು ಸಾಲದು, ಆಮೇಲೆ ಕಾರು ತಳ್ಳಬೇಕಾಗುತ್ತದೆ.

ಕೆಲಸ ಮುಗಿದ ದಿನ ಅರ್ಧ ಗಂಟೆ ಜೋರಾಗಿ ಹಾಡು ಹಾಕಿ, ನಿಲ್ಲಿಸಿ, ಫ್ಯೂಸ್ ಹೋಲ್ಡರ್ ಮತ್ತು ಅರ್ಥ್ ಬೋಲ್ಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲು ಆಗದಷ್ಟು ಬಿಸಿ ಇದ್ದರೆ ಆ ಕನೆಕ್ಷನ್ ಸಡಿಲ ಇದೆ. ಬ್ಯಾಟರಿಯ ಮೈನಸ್ ಬಿಚ್ಚಿ, ಫ್ಯೂಸ್ ತೆಗೆದು, ವೈರ್ ತುದಿ ಹೊಸದಾಗಿ ಕತ್ತರಿಸಿ ಕೂರಿಸಿ. ಹಳ್ಳಿ ರಸ್ತೆಯಲ್ಲಿ ಜಾಸ್ತಿ ಓಡಾಡುವ ಕಾರಾದರೆ ಒಂದೆರಡು ವಾರ ಬಿಟ್ಟು ಎಲ್ಲ ಸ್ಕ್ರೂಗಳನ್ನೂ ಇನ್ನೊಮ್ಮೆ ಬಿಗಿ ಮಾಡಿ.